ಒಂದು ಶಿಲ್ಲಿಂಗಿನ ಔಷಧ ಚೀಟಿ

ವೈದ್ಯರ ಬಳಿ ಹೋಗುವುದು ಪೂರ್ತಿ ಉಚಿತವಾದರೆ ಸಣ್ಣ ನೆಗಡಿಗೂ ನೀವು ಹೋಗುತ್ತೀರಾ? ಅಲ್ಲಿ ಸ್ವಲ್ಪ ಹಣ ಕೇಳಿದರೆ ಮನೆಯ ಕಷಾಯವೇ ಸಾಕೆನ್ನುತ್ತೀರಾ? ಹುಡುಗಾಟದ ಪ್ರಶ್ನೆಯಂತೆ ಕಂಡರೂ ಇದಕ್ಕಾಗಿ ಬ್ರಿಟನ್ನಿನಲ್ಲಿ ಮಂತ್ರಿಗಳೇ ಕುರ್ಚಿ ಬಿಟ್ಟಿದ್ದಾರೆ.

1948ರ ಜುಲೈ 5ರಂದು ಆ ದೇಶದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಆಸ್ಪತ್ರೆ, ಔಷಧ, ಕನ್ನಡಕ, ಹಲ್ಲಿನ ಸೆಟ್ಟು ಎಲ್ಲವೂ ಉಚಿತ. ಖರ್ಚೆಲ್ಲ ಬಹುಪಾಲು ತೆರಿಗೆಯ ಹಣದಿಂದ. ಅದನ್ನು ಕಟ್ಟಿದವರು ವೇಲ್ಸ್‌ನ ಗಣಿ ಕಾರ್ಮಿಕನೊಬ್ಬನ ಮಗ, ಆರೋಗ್ಯ ಸಚಿವ ಅನೈರಿನ್ ಬೆವನ್. ವರ್ಷಗಟ್ಟಲೆ ಹಲ್ಲುನೋವು ನುಂಗಿಕೊಂಡಿದ್ದವರು, ಮಬ್ಬುಗಣ್ಣಿನಲ್ಲೇ ದುಡಿಯುತ್ತಿದ್ದವರು ಸಾಲುಗಟ್ಟಿ ಬಂದರು. ವೆಚ್ಚ ಅಂದಾಜನ್ನು ಮೀರಿತು.

1951ರಲ್ಲಿ, ಕೊರಿಯಾ ಯುದ್ಧದ ದಿನಗಳಲ್ಲಿ, ಶಸ್ತ್ರಾಸ್ತ್ರಗಳಿಗೆ ಹಣ ಬೇಕಾಯಿತು. ಕನ್ನಡಕ ಮತ್ತು ಹಲ್ಲಿನ ಸೆಟ್ಟಿನ ಬೆಲೆಯಲ್ಲಿ ಸುಮಾರು ಅರ್ಧವನ್ನು ರೋಗಿಯೇ ಕೊಡಬೇಕೆಂದು ಹಣಕಾಸು ಸಚಿವ ಹ್ಯೂ ಗೇಟ್ಸ್‌ಕೆಲ್ ಸೂಚಿಸಿದರು. ಆ ವೇಳೆಗೆ ಕಾರ್ಮಿಕ ಸಚಿವರಾಗಿದ್ದ ಬೆವನ್ ರಾಜೀನಾಮೆ ಕೊಟ್ಟರು. ಜೊತೆಗೆ ಹೊರನಡೆದವರಲ್ಲಿ ಹೆರಾಲ್ಡ್ ವಿಲ್ಸನ್ ಒಬ್ಬರು. ಈ ಹೆಸರನ್ನು ನೆನಪಿಡಿ.

1952ರಲ್ಲಿ ಚರ್ಚಿಲ್ ಸರ್ಕಾರ ಔಷಧ ಚೀಟಿಗೆ ಒಂದು ಶಿಲ್ಲಿಂಗ್ ಶುಲ್ಕ ವಿಧಿಸಿತು. ಒಂದೇ ಚೀಟಿಯಲ್ಲಿ ಎಷ್ಟು ಔಷಧ ಬರೆದರೂ ಶುಲ್ಕ ಅಷ್ಟೇ ಅಲ್ಲವೇ? ಆ ದಾರಿಯನ್ನು ಮುಚ್ಚಲು 1956ರಲ್ಲಿ ಔಷಧಕ್ಕೊಂದು ಶಿಲ್ಲಿಂಗ್ ಎಂದು ತಿದ್ದಲಾಯಿತು. ತಮಾಷೆಯೆಂದರೆ, ಅದೇ ವರ್ಷ ಅರ್ಥಶಾಸ್ತ್ರಜ್ಞ ಗಿಲ್‌ಬೋ ಅವರ ಸಮಿತಿ ಲೆಕ್ಕ ಹಾಕಿ ನೋಡಿದಾಗ, ರಾಷ್ಟ್ರೀಯ ಉತ್ಪನ್ನದಲ್ಲಿ ಆರೋಗ್ಯ ಸೇವೆಯ ಪಾಲು ಏರಿರಲೇ ಇಲ್ಲ. 1949-50ರಲ್ಲಿ ಶೇಕಡಾ 3.75 ಇದ್ದದ್ದು 1953-54ರಲ್ಲಿ 3.25ಕ್ಕೆ ಇಳಿದಿತ್ತು!

ಈಗ ವಿಲ್ಸನ್ ಕಡೆಗೆ ಬನ್ನಿ. ಪ್ರಧಾನಿಯಾದ ಅವರು 1965ರಲ್ಲಿ ಔಷಧ ಶುಲ್ಕವನ್ನೇ ರದ್ದು ಮಾಡಿದರು. ಚೀಟಿಗಳ ಸಂಖ್ಯೆ ಏರಿತು. 1967ರಲ್ಲಿ ಪೌಂಡಿನ ಅಪಮೌಲ್ಯವಾಯಿತು. 1968ರಲ್ಲಿ ಅದೇ ವಿಲ್ಸನ್ ಸರ್ಕಾರ ಔಷಧಕ್ಕೆ ಎರಡೂವರೆ ಶಿಲ್ಲಿಂಗ್ ಶುಲ್ಕವನ್ನು ಮತ್ತೆ ತಂದಿತು. ಆದರೆ ಮಕ್ಕಳು, ವೃದ್ಧರು, ಗರ್ಭಿಣಿಯರು, ಬಡವರು ಮತ್ತು ಕೆಲವು ದೀರ್ಘಕಾಲದ ರೋಗಿಗಳಿಗೆ ವಿನಾಯಿತಿ ಇತ್ತು.

ಶುಲ್ಕದಿಂದ ನಿಂತುಹೋಗುವುದು ಅನಾವಶ್ಯಕ ಚಿಕಿತ್ಸೆಯೋ, ಆವಶ್ಯಕವಾದದ್ದೋ? ವಿಜ್ಞಾನ ಓದಿದ ನನಗೆ ವಾದಕ್ಕಿಂತ ಪ್ರಯೋಗವೇ ಇಷ್ಟ. ಅಂಥದೊಂದು ಪ್ರಯೋಗವನ್ನು ಅಮೆರಿಕದ ರ‍್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ನಡೆಸಿತು. ಕುಟುಂಬಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಉಚಿತ ಚಿಕಿತ್ಸೆ, ಉಳಿದವರಿಗೆ ಬೇರೆ ಬೇರೆ ಪ್ರಮಾಣದ ಶುಲ್ಕ ಗೊತ್ತುಮಾಡಿದರು. ಶುಲ್ಕ ಕೊಟ್ಟವರು ಕಡಿಮೆ ಚಿಕಿತ್ಸೆ ಪಡೆದರು. ಆದರೆ ಬೇಕಾದದ್ದು, ಬೇಡವಾದದ್ದು ಎರಡನ್ನೂ ಸರಿಸುಮಾರು ಒಂದೇ ಸಮ ಬಿಟ್ಟಿದ್ದರು. ಸರಾಸರಿ ಆರೋಗ್ಯದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ರಕ್ತದೊತ್ತಡವಿದ್ದ ಬಡವರ ಮಾತು ಬೇರೆ. ಅವರ ಒತ್ತಡ ಹತೋಟಿಗೆ ಬಂದದ್ದು ಉಚಿತ ಚಿಕಿತ್ಸೆಯ ಗುಂಪಿನಲ್ಲೇ ಹೆಚ್ಚು.

ಬೆವನ್ ಹುಟ್ಟಿದ ವೇಲ್ಸ್ 2007ರಲ್ಲಿ ಔಷಧ ಶುಲ್ಕವನ್ನು ಕೈಬಿಟ್ಟಿತು; 2010ರಲ್ಲಿ ಉತ್ತರ ಐರ್ಲೆಂಡ್, 2011ರಲ್ಲಿ ಸ್ಕಾಟ್ಲೆಂಡ್. ಇಂಗ್ಲೆಂಡ್ ಮಾತ್ರ ಅದನ್ನು ಉಳಿಸಿಕೊಂಡಿದೆ. ಆದರೆ ವಿನಾಯಿತಿಗಳ ಪಟ್ಟಿ ಎಷ್ಟು ಉದ್ದವೆಂದರೆ, ಅಲ್ಲಿಯೂ ಹತ್ತರಲ್ಲಿ ಸುಮಾರು ಒಂಬತ್ತು ಔಷಧಗಳು ಉಚಿತವಾಗಿಯೇ ಸಿಗುತ್ತವೆ.