ಎರಡೇ ಮತದ ಅಂತರದಲ್ಲಿ ಒಳಗೆ ಬಂದ ರಾಜ್ಯ

1787ರ ಬೇಸಿಗೆ. ಅಮೆರಿಕಕ್ಕೊಂದು ಸಂವಿಧಾನ ಬರೆಯೋಕೆ ಫಿಲಡೆಲ್ಫಿಯಾದಲ್ಲಿ ಸಭೆ. 13 ರಾಜ್ಯಗಳಲ್ಲಿ 12 ರಾಜ್ಯಗಳು ಪ್ರತಿನಿಧಿಗಳನ್ನು ಕಳಿಸಿದವು. ಒಂದು ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಅದೇ ಎಲ್ಲಕ್ಕಿಂತ ಚಿಕ್ಕ ರಾಜ್ಯ, ರೋಡ್ ಐಲೆಂಡ್. ವಿಸ್ತೀರ್ಣ ನಮ್ಮ ಕೊಡಗು ಜಿಲ್ಲೆಗಿಂತಲೂ ಕಡಿಮೆ. ಜನ ಸುಮಾರು 69 ಸಾವಿರ.

ಹೆದರುಪುಕ್ಕಲರಾ? ಅಲ್ಲವೇ ಅಲ್ಲ. 1776ರ ಮೇ 4ರಂದು, ದೇಶ ಸ್ವಾತಂತ್ರ್ಯ ಘೋಷಿಸುವ ಎರಡು ತಿಂಗಳ ಮೊದಲೇ, ಬ್ರಿಟಿಷ್ ರಾಜನ ನಂಟು ಕಡಿದುಕೊಂಡವರು ಇವರು. ದೂರದ ಒಬ್ಬ ದೊರೆಯನ್ನು ಬಿಟ್ಟು ಬಂದು, ದೂರದ ಇನ್ನೊಂದು ಸರ್ಕಾರಕ್ಕೆ ತಲೆಬಾಗೋದು ಯಾಕೆ ಅನ್ನೋದು ಅವರ ಪ್ರಶ್ನೆ.

ಹಿಂದೆ ಹೊಟ್ಟೆಪಾಡೂ ಇತ್ತು. ಯುದ್ಧದ ಸಾಲ, ತೆರಿಗೆ ಎರಡೂ ಸೇರಿ ರೈತರು ನಲುಗಿದ್ದರು. 1786ರಲ್ಲಿ ಅವರ ಪರವಾದ ಪಕ್ಷ ಗೆದ್ದು, 1 ಲಕ್ಷ ಪೌಂಡ್ ಕಾಗದದ ಹಣ ಅಚ್ಚು ಹಾಕಿಸಿ, ಜಮೀನಿನ ಆಧಾರದ ಮೇಲೆ ಸಾಲ ಕೊಟ್ಟಿತು. ಆ ನೋಟಿನ ಬೆಲೆ ಬೇಗ ಕುಸಿಯಿತು, ವ್ಯಾಪಾರಿಗಳು ಮುಟ್ಟಲಿಲ್ಲ. ಹೊಸ ಸಂವಿಧಾನವೋ, ರಾಜ್ಯಗಳು ನೋಟು ಅಚ್ಚು ಹಾಕೋದನ್ನೇ ನಿಷೇಧಿಸಿತ್ತು. ಇನ್ನೊಂದು ಕಡೆ, ಗುಲಾಮರ ವ್ಯಾಪಾರವನ್ನು 1808ರವರೆಗೆ ತಡೆಯುವಂತಿಲ್ಲ ಎಂಬ ಅಂಶಕ್ಕೆ ಅಲ್ಲಿನ ಕ್ವೇಕರ್ ಪಂಥದವರ ವಿರೋಧ. ಅದೇ ರಾಜ್ಯದ ನ್ಯೂಪೋರ್ಟ್ ಬಂದರಿನ ವರ್ತಕರು ಆ ವ್ಯಾಪಾರದಿಂದಲೇ ಸಿರಿವಂತರಾಗಿದ್ದರು ಅನ್ನೋದನ್ನೂ ಮರೆಯೋ ಹಾಗಿಲ್ಲ.

1788ರ ಮಾರ್ಚ್‌ನಲ್ಲಿ ವಿಷಯವನ್ನು ನೇರವಾಗಿ ಜನರ ಮುಂದಿಟ್ಟರು. ಪರ 237, ವಿರುದ್ಧ 2,700ಕ್ಕೂ ಹೆಚ್ಚು. ಪರ ಇದ್ದವರಲ್ಲಿ ಬಹಳಷ್ಟು ಜನ ಮತ ಹಾಕೋಕೇ ಹೋಗಿರಲಿಲ್ಲ, ನೆನಪಿರಲಿ.

1789ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಅಧ್ಯಕ್ಷರಾದರು. ನವೆಂಬರ್‌ನಲ್ಲಿ ನಾರ್ತ್ ಕೆರೊಲಿನಾ ಕೂಡ ಒಪ್ಪಿತು. ಈಗ ಹೊರಗೆ ಉಳಿದದ್ದು ರೋಡ್ ಐಲೆಂಡ್ ಒಂದೇ.

1790ರ ಮೇ ತಿಂಗಳಲ್ಲಿ ಬಿತ್ತು ಪೆಟ್ಟು. ಪರದೇಶದಂತೆ ಕಂಡು ಅದರ ಜೊತೆ ವ್ಯಾಪಾರ ನಿಲ್ಲಿಸುವ ಮಸೂದೆಗೆ ಸೆನೆಟ್ ಒಪ್ಪಿಗೆ ಕೊಟ್ಟಿತು. ಅತ್ತ ಪ್ರಾವಿಡೆನ್ಸ್ ಪಟ್ಟಣ, ನೀವು ಸೇರದಿದ್ದರೆ ನಾವೇ ರಾಜ್ಯ ಬಿಟ್ಟು ಹೋಗ್ತೀವಿ ಅಂತ ಬೆದರಿಸಿತು. ಮೇ 29ರಂದು ನ್ಯೂಪೋರ್ಟ್‌ನಲ್ಲಿ ಮತ ಎಣಿಸಿದರು. ಪರ 34, ವಿರುದ್ಧ 32.

ಹಠ ಸೋತಿತು ನಿಜ. ಆದರೆ ಇಂಥ ಅನುಮಾನದವರು ಹಲವು ರಾಜ್ಯಗಳಲ್ಲಿ ಇದ್ದದ್ದಕ್ಕೇ, ಜನರ ಹಕ್ಕುಗಳನ್ನು ಬರೆದಿಡುವ ಮೊದಲ 10 ತಿದ್ದುಪಡಿಗಳು ಬಂದವು. ಬೇಗ ಹೂಂ ಅಂದವರಷ್ಟೇ ಅಲ್ಲ, ತಡೀರಿ ಅಂದವರೂ ಆ ಸಂವಿಧಾನವನ್ನು ಕಟ್ಟಿದ್ದಾರೆ.

ಆ 66 ಜನರಲ್ಲಿ ನೀವೂ ಒಬ್ಬರಾಗಿದ್ದರೆ ಯಾವ ಕಡೆ ಕೈ ಎತ್ತುತ್ತಿದ್ದಿರಿ? ಕಾಮೆಂಟಲ್ಲಿ ಹೇಳಿ 👇