ಯಾರಿಗಿ ಫೋನ್ ಹಚ್ಚಾಕತ್ತೀಪಾ?

2009ರಲ್ಲಿ ನಾನು ಬಿ.ಇ. ಕೊನೇ ವರ್ಷ. ನರಗುಂದದ ಹತ್ತಿರದ ನಮ್ಮೂರಿನ ಮನೆಗೆ ಲ್ಯಾಂಡ್‌ಲೈನ್ ಬಂದೇ ಇರಲಿಲ್ಲ. ಒಂದು ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಲು ಅವತ್ತೇ ಕಡೇ ದಿನ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಅಪ್ಪನ ನೋಕಿಯಾ ಫೋನು, ಒಂದು ಡೇಟಾ ಕೇಬಲ್ ಹಿಡಕೊಂಡು ಸಿಗ್ನಲ್ ಸಿಗುವ ಮಣ್ಣಿನ ಮಾಳಿಗಿ ಹತ್ತಿದೆ.

ಕಂಪ್ಯೂಟರ್ ಪರದೆ ಮೇಲೆ *99# ಅನ್ನೋ ನಂಬರಿಗೆ ಡಯಲ್ ಆಗ್ತಿದೆ ಅಂತ ಬಂತು. ಪಕ್ಕದಲ್ಲೇ ಕೂತಿದ್ದ ಅಪ್ಪ ಕೇಳಿದರು: “ಯಾರಿಗಿ ಫೋನ್ ಹಚ್ಚಾಕತ್ತೀಪಾ?”

ಯಾರಿಗೂ ಅಲ್ಲ. ಆ ನಂಬರಿನ ಆಚೆ ಯಾರೂ ಇರಲಿಲ್ಲ, ಕರೆಯೇ ಹೋಗುತ್ತಿರಲಿಲ್ಲ. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್‌ಗೆ ‘ಎಟಿ’ ಎಂದು ಶುರುವಾಗುವ ಆಜ್ಞೆಗಳನ್ನು ಕೊಟ್ಟಿತ್ತು. ಕಂಪ್ಯೂಟರುಗಳಿಗೆ ಗೊತ್ತಿದ್ದ ಭಾಷೆ ಅದೊಂದೇ. ಹಾಗಾಗಿ ಮೊಬೈಲ್ ಮಾಡಿದವರು ಫೋನಿಗೂ ಹಳೇ ಮೋಡೆಮ್ಮಿನ ವೇಷ ಹಾಕಿಸಿದರು. ಕಂಪ್ಯೂಟರ್ ‘ಡಯಲ್ ಮಾಡು’ ಅಂತಿತ್ತು, ಫೋನು ‘ಹೂಂ’ ಅಂದು ಸುಮ್ಮನೆ ಡೇಟಾ ದಾರಿ ತೆರೆಯುತ್ತಿತ್ತು. ಲ್ಯಾಂಡ್‌ಲೈನ್ ಇಲ್ಲದ ಮನೆಯಲ್ಲಿ ಲ್ಯಾಂಡ್‌ಲೈನಿನ ನಾಟಕ! ಆ ಜಿಪಿಆರ್‌ಎಸ್ ಕೂಡ ಮಾತಿಗೆ ಬಳಕೆಯಾಗದೆ ಉಳಿದ ಜಾಗದಲ್ಲೇ ಓಡುತ್ತಿತ್ತು. ನಡುವೆ ಯಾರಾದರೂ ಫೋನ್ ಹಚ್ಚಿದರೆ ಇಂಟರ್‌ನೆಟ್ ನಿಂತುಬಿಡೋದು.

ರೊಕ್ಕದ ಲೆಕ್ಕ ಮಾತ್ರ ನಾಟಕ ಆಗಿರಲಿಲ್ಲ. 10 ಕೆಬಿಗೆ 10 ಪೈಸೆ. ಅಂದರೆ ಒಂದು ಎಂಬಿಗೆ ಹತ್ತು ರೂಪಾಯಿ ಚಿಲ್ಲರೆ. ಚಿತ್ರಗಳು ಬರದಂತೆ ಬ್ರೌಸರಿನಲ್ಲಿ ಆಫ್ ಮಾಡಿದ್ದೆ, ಆದರೆ ಆ್ಯಂಟಿವೈರಸ್ಸನ್ನು ಮರೆತಿದ್ದೆ. ಅರ್ಜಿ ಹೋಯಿತು ಅನ್ನುವಷ್ಟರಲ್ಲಿ ಅದು ಹಿಂದಿನಿಂದ ಅಪ್‌ಡೇಟ್ ಎಳೆದು ಐವತ್ತು ರೂಪಾಯಿ ಬ್ಯಾಲೆನ್ಸ್ ನುಂಗಿತ್ತು.

ರಾತ್ರಿ ಅಪ್ಪ ಹುಬ್ಬಳ್ಳಿ ಅಡತಿ ಅಂಗಡಿಗೆ ಉಳ್ಳಾಗಡ್ಡಿ ದರ ಕೇಳಬೇಕಿತ್ತು. “ನಾ ಯಾರ ಜೋಡಿನೂ ಮಾತಾಡಿಲ್ಲ, ರೊಕ್ಕ ಎಲ್ಲಿ ಹೋತು?” ರೀಚಾರ್ಜ್ ಅಂಗಡಿ ಮುಚ್ಚಿತ್ತು. ಬೆಳಗಿನ ಜಾವ ಗಾಡಿ ದರ ಕೇಳದೆಯೇ ಹೊರಟಿತು. ಎಷ್ಟು ಕಳಕೊಂಡೆವು ಅಂತ ಅವರು ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ.

2010ರ ಆಂಡ್ರಾಯ್ಡ್ 2.2ರಲ್ಲಿ ಹಾಟ್‌ಸ್ಪಾಟ್ ಫೋನಿನೊಳಗೇ ಬಂತು, ಡಯಲ್ ಮಾಡೋ ನಾಟಕ ಹೋಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಕೆಬಿ ಲೆಕ್ಕವೂ ಹೋಯಿತು. 2020ರ ಲಾಕ್‌ಡೌನಿನಲ್ಲಿ ಅದೇ ಮಾಳಿಗಿ ಮೇಲೆ ಕೂತು ಬೆಂಗಳೂರಿನ ಆಫೀಸು ನಡೆಸಿದೆ. ಸಂಜೆಗೆ ನನ್ನ ಡೇಟಾ ಮುಗಿದರೆ ಮತ್ತೆ ಅಪ್ಪನ ಫೋನೇ ಗತಿ. ಕೊಡ್ತಾರೆ, ಆದರೆ ಅಡತಿ ಅಂಗಡಿಗೆ ಮೊದಲು ಮಾತಾಡಿ ಮುಗಿಸಿ.