ಪ್ರಯೋಗಶಾಲೆಯ ಉಪಕರಣಗಳೂ ನಮ್ಮ ಸೀಮೆಯ ನೀರೂ

ಜ್ಞಾನವು ಕ್ರಿಯೆಯನ್ನಗಲಿ ನಿಲ್ಲಲಾರದೆಂಬುದು ಶಿವಶರಣರ ಸಿದ್ಧಾಂತವಷ್ಟೆ. ಇಂಜನಿಯರಿಂಗ್ ಶಾಸ್ತ್ರದಲ್ಲಿ ಇವೆರಡೂ ಕೂಡುವ ಸ್ಥಾನವೇ ಪ್ರಯೋಗಶಾಲೆ. ಅಲ್ಲಿಯ ಉಪಕರಣಗಳ ಚರಿತ್ರೆಯು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸದ್ಭಕ್ತರಿಗೆ ದೂರದ ವಿಷಯವೆಂದು ತೋರಬಹುದು, ವಿಚಾರಿಸಿದರೆ ಹಾಗಲ್ಲ.

ಪೂರ್ವಿಕರಿಗೆ ಕೆರೆಯೇ ಪ್ರಯೋಗಶಾಲೆಯಾಗಿದ್ದಿತು. ಸಖರಾಯಪಟ್ಟಣದ ಅಯ್ಯನಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂದು ಐತಿಹ್ಯವುಂಟು. ತೂಬು, ಕೋಡಿ, ಏರಿಗಳ ಅಳತೆಯನ್ನು ಅಂದಿನವರು ಅನುಭವದಿಂದಲೇ ಬಲ್ಲವರಾಗಿದ್ದರು. ಆದರೆ ಲೆಕ್ಕ ತಪ್ಪಿದಲ್ಲಿ ಏರಿಯೊಡೆದು ಊರೇ ಕೊಚ್ಚಿಹೋಗುತ್ತಿದ್ದಿತು. ಒಂದು ತಲೆಮಾರಿನ ನಾಶವೇ ಮುಂದಿನ ತಲೆಮಾರಿಗೆ ಪಾಠವಾಗುತ್ತಿದ್ದಿತು. ಪ್ರಾಣಹಾನಿಯಿಲ್ಲದೆ ಆ ಪಾಠವನ್ನು ಕಲಿಯಲಿಕ್ಕಾಗಿಯೇ ಉಪಕರಣಗಳು ಹುಟ್ಟಿದುವು.

ಇಂಗ್ಲೆಂಡಿನಲ್ಲಿ ಕಿರ್ಕಾಲ್ಡಿ ಎಂಬಾತನು 1860ರ ದಶಕದಲ್ಲಿ ಲೋಹದ ಸರಳುಗಳನ್ನು ಎಳೆದು ಮುರಿದು ಬಲವನ್ನಳೆಯುವ ಮಹಾಯಂತ್ರವನ್ನು ಸ್ಥಾಪಿಸಿದನು. 1878ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆನೆಡಿ ಎಂಬ ಆಚಾರ್ಯನು ವಿದ್ಯಾರ್ಥಿಗಳಿಗೋಸ್ಕರವೇ ಇಂಜನಿಯರಿಂಗ್ ಪ್ರಯೋಗಶಾಲೆಯನ್ನು ತೆರೆದನು. ಬೆಲ್‌ಫಾಸ್ಟಿನ ಜೇಮ್ಸ್ ಥಾಮ್ಸನ್ ನೀರಿನ ಹರಿವನ್ನು ತ್ರಿಕೋಣಾಕಾರದ ಕಚ್ಚಿನಿಂದ ಅಳೆಯುವ ಕ್ರಮವನ್ನು ಶೋಧಿಸಿದನು. ಆ ಕಚ್ಚಿನಲ್ಲಿ ನೀರಿನ ಎತ್ತರವು ಇಮ್ಮಡಿಯಾದರೆ ಹರಿವು ಐದೂವರೆ ಮಡಿಗೂ ಮಿಗಿಲಾಗುವುದು. ಫ್ರೌಡನು ಹಡಗುಗಳಿಗಾಗಿ ಕಂಡ ನಿಯಮವು ಮುಂದೆ ಅಣೆಕಟ್ಟುಗಳಿಗೂ ಅನ್ವಯಿಸಿತು. 25ರಲ್ಲಿ ಒಂದಂಶದ ಮಾದರಿಯಲ್ಲಿ ನೀರಿನ ವೇಗವು ಐದರಲ್ಲಿ ಒಂದಂಶವೂ, ಪ್ರವಾಹದ ಪರಿಮಾಣವು 3,125ರಲ್ಲಿ ಒಂದಂಶವೂ ಆಗಿರಬೇಕು. ಹೀಗೆ ಮಹಾಪ್ರವಾಹವನ್ನೇ ಒಂದು ಅಂಗಳದೊಳಗೆ ಹರಿಸಿ ನೋಡಬಹುದಾಯಿತು.

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿಯಿತು. 1911ರಲ್ಲಿ ಪಾಠಗಳನ್ನಾರಂಭಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುತ್ ಶಾಸ್ತ್ರದ ವಿಭಾಗವೂ ಇದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮರುವರ್ಷವೇ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಇಂಜನಿಯರಿಂಗ್ ಕಾಲೇಜು ಆರಂಭವಾಯಿತು. ಖಡಕ್‌ವಾಸ್ಲಾದಲ್ಲಿ ನೀರಿನ ಒತ್ತಡದಿಂದ ತಾವಾಗಿಯೇ ತೆರೆಯುವ ಬಾಗಿಲುಗಳನ್ನು ಅಳವಡಿಸಿದ್ದ ಅವರಿಗೆ ಪ್ರಯೋಗದ ಬೆಲೆಯನ್ನು ಇತರರು ಹೇಳಬೇಕಾಗಿರಲಿಲ್ಲ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು 1923ರಿಂದ ಭದ್ರಾವತಿಯಲ್ಲಿ ಕಬ್ಬಿಣವಾಗತೊಡಗಿತು. ಕಬ್ಬಿಣವು ಎಷ್ಟು ಭಾರವನ್ನು ತಾಳುವುದೆಂಬುದನ್ನು ಕಣ್ಣು ಹೇಳಲಾರದು, ಪರೀಕ್ಷಾಯಂತ್ರವೇ ಹೇಳಬೇಕು.

ಅದೇ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣವಾಯಿತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಬಯಲುಸೀಮೆಗೆ ನೀರೊಯ್ಯಲು ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಉದ್ದದ ಸುರಂಗವು ಕೊರೆಯಲ್ಪಟ್ಟಿದೆ. ಇಂತಹ ಕಾರ್ಯಗಳಲ್ಲಿ ಕಲ್ಲಿನ ಗಟ್ಟಿತನ, ಕಾಂಕ್ರೀಟಿನ ಬಲ, ನೀರಿನ ವೇಗ ಇವೆಲ್ಲವೂ ಮೊದಲು ಅಳೆಯಲ್ಪಡತಕ್ಕವು. ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಲೆಕ್ಕ ಮಾಡಿಕೊಡುವುದು ನಿಜ. ಆದರೆ ಆ ಲೆಕ್ಕವು ದಿಟವೋ ಹುಸಿಯೋ ಎಂದು ನಿರ್ಣಯಿಸಲು ಅಳತೆಯೇ ಪ್ರಮಾಣ.

ಆದಕಾರಣ ವಿದ್ಯಾದಾನಕ್ಕೆ ಕೈಯೆತ್ತುವ ಭಕ್ತರಲ್ಲಿ ಒಂದು ಬಿನ್ನಹ. ಕಟ್ಟಡಕ್ಕೆ ಕೊಟ್ಟ ದಾನವು ಎಲ್ಲರ ಕಣ್ಣಿಗೂ ಕಾಣುವುದು, ದಾನಿಯ ಹೆಸರೂ ಕಲ್ಲಿನಲ್ಲಿ ನಿಲ್ಲುವುದು. ಉಪಕರಣಕ್ಕೆ ಕೊಟ್ಟುದು ಹಾಗೆ ಕಾಣದು. ಅದು ವಿದ್ಯಾರ್ಥಿಯ ಕೈಯಲ್ಲಿ ಸವೆಯುವುದು. ಬೀಗ ಹಾಕಿದ ಕಪಾಟಿನಲ್ಲಿ ಹೊಸದಾಗಿಯೇ ಉಳಿದ ಉಪಕರಣಕ್ಕಿಂತ ನೂರು ಕೈಗಳಲ್ಲಿ ಸವೆದ ಉಪಕರಣವೇ ಶ್ರೇಷ್ಠ. ಹಾಗೆ ಸವೆಯುವುದೇ ಅದರ ಕಾಯಕ. ಅಂತಹ ಕಾಯಕಕ್ಕೆ ಈ ಮಹೋತ್ಸವವು ಪ್ರೇರಣೆಯಾಗಲೆಂದು ಶ್ರೀಗುರುವಿನ ಪಾದಗಳಲ್ಲಿ ಪ್ರಾರ್ಥಿಸುವೆವು.